ಗಾಳಿಗುಡ್ಡದ ದಾರಿಯಲ್ಲಿ ಮೂರು ಮನೆ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ಇರುತ್ತದೆ. ನನಗಿರುವುದು ದಾಕ್ಷಿಣ್ಯ. ಮೊದಲಿನ ಎರಡಕ್ಕೆ ಕೊಪ್ಪದ ಯಾವ ಔಷಧಿ ಅಂಗಡಿಗೆ ಹೋದರೂ ಗುಳಿಗೆ ಸಿಗುತ್ತದೆ. ಮೂರನೆಯದಕ್ಕೆ ಸಿಗುವುದಿಲ್ಲ, ಸಿಕ್ಕಿದರೂ ಅಂಗಡಿಯವನು ಬೇರೆ ಯಾವುದೋ ಗುಳಿಗೆ ಕೊಟ್ಟರೆ 'ಇದಲ್ಲ' ಎಂದು ಹೇಳುವ ಧೈರ್ಯ ನನಗಿಲ್ಲ. ಒಮ್ಮೆ ಕೊಪ್ಪದ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡು, "ಮೀಸೆ ತೆಗ್ದುಬಿಡ್ಲಾ, ಮುಖಕ್ಕೆ ಒಂದು ಕಳೆ ಬರ್ತದೆ" ಎಂದ. ಅಷ್ಟು ಆಸೆಯಿಂದ ಕೇಳುವಾಗ ಬೇಡ ಎನ್ನುವುದು ಹೇಗೆ? "ನಿಮಗೆ ಹೇಗೆ ಕಾಣ್ತದೋ ಹಾಗೆ ಮಾಡಿ" ಎಂದೆ. ಮನೆಗೆ ಬಂದಾಗ ನನ್ನ ಹೆಂಡತಿ ಸರೋಜ ಬಾಗಿಲಲ್ಲಿ ನಿಂತು, ಯಾರೋ ಹೊಸಬರು ಬಂದಿದ್ದಾರೆಂದು ತಿಳಿದು, "ಅವರು ಪೇಟೆಗೆ ಹೋಗಿದಾರೆ, ಈಗ ಬರ್ತಾರೆ, ಕೂತ್ಕಳಿ" ಎಂದಳು. ನಾನು ಕೂತೆ ಕೂಡ. ಇನ್ನೊಮ್ಮೆ ಬಾಳೆಹೊನ್ನೂರಿನಲ್ಲಿ ಬಸ್ಸು ಹತ್ತಿ ಎರಡು ಸ್ಟಾಪು ಆಚೆಗಿರುವ ನೆಂಟರ ಮನೆಗೆ ಹೊರಟಿದ್ದೆ. ಪಕ್ಕದಲ್ಲಿ ಕೂತ ಹೆಂಗಸು "ಒಂಚೂರು ಹಿಡ್ಕಳಿ" ಎಂದು ಒಂದು ಹಲಸಿನ ಹಣ್ಣನ್ನು ನನ್ನ ತೊಡೆಯ ಮೇಲಿಟ್ಟು ನಿದ್ದೆ ಹೋದಳು. ಪಾಪ, ದಣಿದಿದ್ದಾಳೆ, ಎಬ್ಬಿಸುವುದು ಹೇಗೆಂದು ನಾನು ನರಸಿಂಹರಾಜಪುರದವರೆಗೂ ಹೋದೆ. ಅಲ್ಲಿ ಎದ್ದ ಆಕೆ, "ನೀವೂ ಇಲ್ಲಿಯವರೇನಾ?" ಎಂದು ಕೇಳಿದಳು. ಹೌದು ಎಂದೆ.

ಇಂಥ ಮನುಷ್ಯ ಕಾಡಿನ ಗೈಡ್ ಆದದ್ದು ಹೇಗೆಂದು ನೀವು ಕೇಳಬಹುದು. ಅದೂ ದಾಕ್ಷಿಣ್ಯದಿಂದಲೇ. ನಮ್ಮೂರು ಕೆರೆಕಟ್ಟೆಯಿಂದ ಇನ್ನೂ ಒಳಗೆ, ರಾಷ್ಟ್ರೀಯ ಉದ್ಯಾನದ ಅಂಚಿಗೆ ಅಂಟಿಕೊಂಡಿದೆ. ಒಂದು ದಿನ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಶಾಲೆಯಲ್ಲಿ ಸಭೆ ಕರೆದು, ಊರ ಮೇಲಿರುವ ಗಾಳಿಗುಡ್ಡಕ್ಕೆ ಪ್ರವಾಸಿಗಳನ್ನು ಬಿಡುವುದಾಗಿ ಹೇಳಿದರು. ದಿನಕ್ಕೆ ಇಂತಿಷ್ಟೇ ಜನ, ಊರಿನವರದೇ ಸಮಿತಿ, ಊರಿನವರೇ ಗೈಡ್. ಒಂದು ವರ್ಷ ಪ್ರಯೋಗ, ಸರಿಹೋದರೆ ಮುಂದುವರಿಕೆ. "ಗೈಡ್ ಯಾರಾಗ್ತೀರಿ?" ಎಂದಾಗ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಮಾತ್ರ ತಲೆ ಎತ್ತಿದ್ದೆ, ಮೇಲಿನ ಜಂತಿಯಲ್ಲಿ ಕಣಜದ ಗೂಡು ಕಂಡಿತ್ತು. ಸಾಹೇಬರು ನನ್ನನ್ನೇ ನೋಡಿ ನಕ್ಕರು. ಅಷ್ಟು ದೂರದಿಂದ ಬಂದವರು ನಕ್ಕಾಗ ಇಲ್ಲ ಎನ್ನಲಾದೀತೇ? "ಆಗ್ಲಿ ಸಾರ್" ಎಂದೆ. "ದಾರಿ ಗೊತ್ತಾ?" ಎಂದರು. "ಪೂರ್ತಿ ಗೊತ್ತು ಸಾರ್" ಎಂದೆ. ನಾನು ಗಾಳಿಗುಡ್ಡದ ಕಡೆ ಹೋದದ್ದು ಇಪ್ಪತ್ತು ವರ್ಷದ ಹಿಂದೆ, ಕಳೆದುಹೋದ ಎಮ್ಮೆ ಹುಡುಕಿಕೊಂಡು. ಅರ್ಧ ದಾರಿಯಲ್ಲಿ ನಾನೇ ಕಳೆದುಹೋಗಿ ಸಂಜೆ ಮನೆ ಮುಟ್ಟುವಾಗ ಎಮ್ಮೆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು.

ಕೊಪ್ಪದಲ್ಲಿ ಮೂರು ದಿನ ತರಬೇತಿಯಾಯಿತು. ಖಾಕಿ ಅಂಗಿ, ಟೋಪಿ, ಕೊರಳಿಗೊಂದು ಸೀಟಿ ಕೊಟ್ಟರು. ಗುಂಪಿನಲ್ಲಿ ಯಾರಾದರೂ ಹಿಂದೆ ಬಿದ್ದರೆ ಸೀಟಿ ಊದಬೇಕಂತೆ. ದೊಡ್ಡವರ ಮುಖಕ್ಕೆ ಸೀಟಿ ಊದುವುದು ಎಂದರೇನು? ನಾನು ಗಂಟಲು ಸರಿಪಡಿಸಿಕೊಳ್ಳುವುದರಲ್ಲೇ ಕೆಲಸ ಮುಗಿಸುತ್ತಿದ್ದೆ. ಪಾಠ ಮಾಡಿದ ಮೇಷ್ಟ್ರು ಸುಸ್ಥಿರ ಪ್ರವಾಸೋದ್ಯಮ ಎಂಬ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರು. ಬಂದವರಿಗೆ ಖುಷಿಯಾಗಬೇಕು, ಊರಿನವರಿಗೆ ಉಪಯೋಗವಾಗಬೇಕು, ಕಾಡಿಗೆ ಮಾತ್ರ ಗೊತ್ತೇ ಆಗಬಾರದು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದೆ. ನಿಯಮಗಳು ಇನ್ನೂ ಇದ್ದವು. ಮುಖ್ಯವಾದದ್ದು ಹೊತ್ತು. ಕಾಡಿನ ಗೇಟನ್ನು ಮಧ್ಯಾಹ್ನ ಹನ್ನೆರಡರ ಒಳಗೆ ದಾಟಬೇಕು. ಹನ್ನೆರಡು ಕಳೆದ ಮೇಲೆ ಯಾರೇ ಬಂದರೂ ಗೇಟು ತೆಗೆಯುವಂತಿಲ್ಲ. ರಸ್ತೆಯಿಂದ ಗೇಟಿಗೆ ಅರ್ಧ ಗಂಟೆಯ ನಡಿಗೆ, ಒಂಬತ್ತಕ್ಕೆ ಹೊರಟರೆ ಧಾರಾಳ ಸಮಯ ಎಂದು ಮೇಷ್ಟ್ರು ನಕ್ಷೆ ತೋರಿಸಿ ಹೇಳಿದರು. ನಕ್ಷೆಯಲ್ಲಿ ದಾರಿ ಇತ್ತು, ಮನೆಗಳು ಇರಲಿಲ್ಲ. ತಪ್ಪಾದದ್ದು ಅಲ್ಲಿ.

ಆ ದಾರಿ ಮೂರು ಮನೆಗಳ ಅಂಗಳದ ಮೇಲೇ ಹೋಗುತ್ತದೆ. ಮೊದಲು ಶೇಷಕ್ಕನ ಮನೆ, ಆಮೇಲೆ ವಾಸಣ್ಣನ ಮನೆ, ಕೊನೆಗೆ ಗೇಟಿನ ಪಕ್ಕದಲ್ಲೇ ತಿಮ್ಮಪ್ಪನ ಮನೆ. ನಮ್ಮ ಕಡೆ ಅಂಗಳ ದಾಟುವವರನ್ನು ಆಸ್ರಿಗೆ ಕೇಳದೆ ಕಳಿಸುವ ಪದ್ಧತಿ ಇಲ್ಲ. ಆಸ್ರಿ ಎಂದರೆ ಕುಡಿಯಲು ಏನಾದರೂ. ಕುಡಿಯುವುದರ ಹಿಂದೆ ತಿನ್ನುವುದು ತಾನಾಗಿ ಬರುತ್ತದೆ. ಬಂದವರು ಬೇಡ ಎನ್ನಬೇಕು, ಅದೂ ಪದ್ಧತಿಯೇ. ಮೊದಲನೆಯ 'ಬೇಡ' ಎಂದರೆ ಸಂಕೋಚ, ಎರಡನೆಯದು ಮರ್ಯಾದೆ, ಮೂರನೆಯದೆಂದರೆ ಹಾಲು ಸ್ವಲ್ಪ ಜಾಸ್ತಿ ಇರಲಿ ಎಂದು ಅರ್ಥ. ನಾಲ್ಕನೆಯ 'ಬೇಡ' ಹೇಳಿದವರನ್ನು ನಾನು ಕಂಡಿಲ್ಲ, ಅಷ್ಟರಲ್ಲಿ ಲೋಟ ಕೈಯಲ್ಲಿರುತ್ತದೆ. ದಾವಣಗೆರೆಯಿಂದ ಬಂದ ಮೊದಲ ತಂಡದ ಆರು ಜನ ಹುಡುಗರಿಗೆ ಈ ಲೆಕ್ಕ ತಿಳಿದಿರಲಿಲ್ಲ. ಶೇಷಕ್ಕ "ಕಾಫಿ ಕುಡ್ಕಂಡು ಹೋಗಿ" ಎಂದಾಗ ಅವರು ಒಂದೇ ಸಲ "ಬೇಡಮ್ಮ, ಲೇಟಾಗುತ್ತೆ" ಎಂದು ಮುಂದೆ ಹೆಜ್ಜೆ ಇಟ್ಟರು. ಶೇಷಕ್ಕ ಅದನ್ನು ಮೊದಲನೆಯ ಬೇಡ ಎಂದು ಗಣಿಸಿ ಆಗಲೇ ಒಳಗೆ ಹೋಗಿ ಒಲೆ ಹಚ್ಚಿಯಾಗಿತ್ತು. ಒಲೆ ಹಚ್ಚಿದ ಮೇಲೆ ಹೋಗುವುದು ಹೇಗೆ? ನಾನು ಗೈಡ್ ಆಗಿ ಅವರನ್ನು ಕರೆದುಕೊಂಡು ಹೊರಡಬೇಕಿತ್ತು. ನಾನು ಜಗಲಿಯಲ್ಲಿ ಮೊದಲು ಕೂತವನು.

ಶೇಷಕ್ಕನಲ್ಲಿ ಕಾಫಿ, ಚಕ್ಕುಲಿ ಆಗಿ ಎದ್ದರೆ ವಾಸಣ್ಣನಲ್ಲಿ ಮಜ್ಜಿಗೆ, ಹಲಸಿನ ಹಪ್ಪಳ. "ಹೊಟ್ಟೆ ತುಂಬಿದೆ ಅಂಕಲ್" ಎಂದು ಒಬ್ಬ ಹೇಳಿದ್ದಕ್ಕೆ ವಾಸಣ್ಣನ ಮುಖ ಸಣ್ಣಗಾಯಿತು. "ಹೌದು, ಶೇಷಕ್ಕನ ಮನೇಲಿ ಹೊಟ್ಟೆ ತುಂಬ್ತದೆ. ನಮ್ಮನೇದು ಎಂತ ತುಂಬ್ತದೆ" ಎಂದು ಅವನು ಬೇರೆ ಕಡೆ ನೋಡಿಕೊಂಡು ಹೇಳಿದ. ಆ ಮಾತಿಗೆ ಆರು ಜನವೂ ತೆಪ್ಪಗೆ ಕೂತು ಹಪ್ಪಳ ಮುರಿದರು. ಗೇಟು ಮುಟ್ಟುವಾಗ ಹನ್ನೆರಡೂ ಇಪ್ಪತ್ತು. ಗೇಟಿನ ವಾಚರ್ ತಿಮ್ಮಪ್ಪ ನನ್ನ ಚಡ್ಡಿ ದೋಸ್ತ್, ಆದರೆ ನಿಯಮದ ವಿಷಯದಲ್ಲಿ ಅಪ್ಪನ ಮಾತನ್ನೂ ಕೇಳುವವನಲ್ಲ. ಗಡಿಯಾರ ನೋಡಿ, ಬೀಗ ಎಳೆದು ನೋಡಿ, "ಗೇಟು ತೆಗೆಯಕ್ಕೆ ಬರಲ್ಲ ಮಾರಾಯ್ರೆ, ಹೊತ್ತು ಮೀರಿದೆ. ಕಾಡಿಗಂತೂ ಇಲ್ಲ, ಊಟಕ್ಕಾದ್ರೂ ಬನ್ನಿ" ಎಂದ. ಅವನ ಹೆಂಡತಿ ಕಡುಬು ಬೇಯಿಸಿದ್ದಳು. ಉಂಡು ಜಗಲಿಯಲ್ಲಿ ಅಡ್ಡಾದ ಹುಡುಗರಿಗೆ ಎಚ್ಚರವಾದಾಗ ಮಂಜು ಸರಿದು ಎದುರಿಗೇ ಗಾಳಿಗುಡ್ಡ ಕಂಡಿತು. ಅಲ್ಲಿಂದಲೇ ಫೋಟೋ ತೆಗೆದರು. ಸಂದರ್ಶಕರ ಪುಸ್ತಕದಲ್ಲಿ 'ಅದ್ಭುತ ಅನುಭವ' ಎಂದು ಬರೆದರು. ತಿಮ್ಮಪ್ಪ ತನ್ನ ರಿಜಿಸ್ಟರ್ ತೆಗೆದು 'ಗೇಟು ದಾಟಿದ ಹೊತ್ತು' ಎಂಬ ಕಾಲಮ್ಮಿನಲ್ಲಿ, ಸುಳ್ಳು ಬರೆಯಬಾರದೆಂದು, 'ದಾಟಿಲ್ಲ. ಊಟಕ್ಕೆ ಕೂತರು' ಎಂದು ದುಂಡಗೆ ಬರೆದ.

ಮುಂದಿನ ತಂಡವನ್ನು ಎಂಟಕ್ಕೇ ಹೊರಡಿಸಿದೆ. ಬೇಗ ಬಂದಿದ್ದಾರೆ, ತಿಂಡಿ ಆಗಿರಲಿಕ್ಕಿಲ್ಲ ಎಂದು ಶೇಷಕ್ಕ ದೋಸೆಗೆ ಕಾವಲಿ ಇಟ್ಟರು. ಹೀಗೆ ಶನಿವಾರ, ಭಾನುವಾರಗಳು ಉರುಳಿ ವರ್ಷ ಮುಗಿಯುತ್ತ ಬಂತು. ಜನ ಬರುತ್ತಲೇ ಇದ್ದರು, ಒಮ್ಮೆ ಬಂದವರು ತಮ್ಮ ಅಪ್ಪ ಅಮ್ಮನನ್ನೂ ಕರೆದುಕೊಂಡು ಬಂದರು. ಶೇಷಕ್ಕನ ಸೊಸೆ ಚಕ್ಕುಲಿ, ಉಪ್ಪಿನಕಾಯಿ ಕಟ್ಟಿ ಮಾರತೊಡಗಿದಳು. ವಾಸಣ್ಣನ ಹಪ್ಪಳಕ್ಕೆ ಹುಬ್ಬಳ್ಳಿಯಿಂದ ಫೋನು ಬರತೊಡಗಿತು. ಎಲ್ಲ ಸರಿಯಾಗಿಯೇ ಇತ್ತು, ಒಬ್ಬನೂ ಕಾಡಿಗೆ ಕಾಲಿಟ್ಟಿರಲಿಲ್ಲ ಎನ್ನುವುದೊಂದು ಬಿಟ್ಟರೆ.

ಅಷ್ಟರಲ್ಲಿ ಕಾಗದ ಬಂತು. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು ದಾರಿಯನ್ನು ಖುದ್ದಾಗಿ ನಡೆದು ನೋಡುತ್ತಾರೆ, ಸರಿಯಿಲ್ಲವೆಂದರೆ ಗೇಟನ್ನೇ ಕಿತ್ತು ದಾರಿ ಮುಚ್ಚುತ್ತಾರೆ. ನನಗೆ ನನ್ನ ಟೋಪಿಯ ಚಿಂತೆ ಇರಲಿಲ್ಲ. ಇದ್ದದ್ದು ತಿಮ್ಮಪ್ಪನ ಚಿಂತೆ. ಅವನು ಇಪ್ಪತ್ತೈದು ವರ್ಷ ಎಸ್ಟೇಟಿನಲ್ಲಿ ಮೂಟೆ ಹೊತ್ತು ಮಂಡಿ ಸವೆಸಿಕೊಂಡವನು. ಇಳಿಜಾರಿನಲ್ಲಿ ಕೂಲಿ ಮಾಡಲು ಇನ್ನು ಅವನಿಂದಾಗದು. ಗೇಟು ಇದ್ದರೆ ವಾಚರ್ ಕೆಲಸ, ಗೇಟು ಹೋದರೆ ಅದೂ ಇಲ್ಲ. ಕೂತು ಮಾಡುವ ಕೆಲಸವೊಂದು ಅವನ ಜನ್ಮದಲ್ಲಿ ಸಿಕ್ಕಿದ್ದು ಇದೇ ಮೊದಲು, ಅದನ್ನು ನಾನು ಕಾಫಿ ಕುಡಿದು ಕಳೆಯುವವನಿದ್ದೆ. ಆ ದಿನ ನನಗೆ ಅನ್ನ ಸೇರಲಿಲ್ಲ.

ಸರೋಜ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಅಲ್ಲ ಮಾರಾಯ್ರೆ, ನಿಮಗೆ ಹೇಳಕ್ಕಾಗ್ದಿದ್ರೆ ನಾನು ಹೇಳ್ತೀನಿ" ಎಂದು ಮೂರು ಮನೆಗೂ ಹೋಗಿ ಅಧಿಕಾರಿ ಬರುವ ಒಂದು ದಿನ ಯಾರೂ ಯಾರನ್ನೂ ಕರೆಯಕೂಡದೆಂದು ಕಟ್ಟಪ್ಪಣೆ ಮಾಡಿದಳು. ತಿಮ್ಮಪ್ಪನ ಕೆಲಸದ ಪ್ರಶ್ನೆ ಎಂದಾಗ ಎಲ್ಲರೂ ಒಪ್ಪಿದರು. ಶೇಷಕ್ಕ ಮಾತ್ರ, "ಕರೆಯಲ್ಲ ಮಾರಾಯ್ತಿ. ಆದ್ರೆ ಅಂಗಳದಾಗೆ ಹೋಗೋರ್ನ ಕಣ್ಣಲ್ಲಿ ನೋಡ್ತಾ ಬಾಯಿ ಮುಚ್ಕಂಡು ಕೂರದು ನನ್ ಕೈಲಾಗಲ್ಲ. ಬಾಗ್ಲು ಹಾಕ್ಕಂಡು ಒಳಗಿರ್ತೀನಿ" ಎಂದರು. ವಾಸಣ್ಣನೂ ಅದೇ ಒಳ್ಳೆಯದೆಂದ. ತಿಮ್ಮಪ್ಪನಿಗೆ ಆ ಅನುಕೂಲವಿರಲಿಲ್ಲ, ಗೇಟು ತೆಗೆಯಲು ಅವನು ಹೊರಗಿರಲೇಬೇಕು. "ನಾನು ಮಾತೇ ಆಡಲ್ಲ ಬಿಡು" ಎಂದ.

ಬಂದದ್ದು ಒಬ್ಬ ಮೇಡಂ. ಚುರುಕು ನಡಿಗೆ, ಕೈಯಲ್ಲಿ ಸಣ್ಣ ಪುಸ್ತಕ, ಜೊತೆಗೆ ನಾಲ್ಕು ಜನ ಪ್ರವಾಸಿಗಳು. ಒಂಬತ್ತಕ್ಕೆ ಸರಿಯಾಗಿ ಹೊರಟೆವು. ಶೇಷಕ್ಕನ ಅಂಗಳಕ್ಕೆ ಬಂದರೆ ಬಾಗಿಲು ಭದ್ರ, ಕಿಟಕಿ ಭದ್ರ. ಒಳಗಿಂದ ಕಾಫಿಯ ಘಮ ಬರುತ್ತಿದೆ, ಶೇಷಕ್ಕ ಕೆಮ್ಮುವುದು ಕೇಳಿಸುತ್ತಿದೆ. ನನ್ನ ಕಾಲು ಅಭ್ಯಾಸಬಲದಿಂದ ಜಗಲಿಯ ಕಡೆ ತಿರುಗಿದ್ದನ್ನು ಹೇಗೋ ಸರಿಪಡಿಸಿಕೊಂಡೆ. ಮೇಡಂ ನಿಂತು ಬಾಗಿಲನ್ನೇ ನೋಡಿದರು.

"ಒಳಗೆ ಜನ ಇದ್ದಾರೆ. ನಮ್ಮನ್ನ ನೋಡಿ ಬಾಗಿಲು ಹಾಕಿಕೊಂಡರಾ?" ಎಂದರು.

"ಛೇ ಛೇ, ಇಲ್ಲ ಮೇಡಂ" ಎಂದೆ. ಅಷ್ಟರಲ್ಲಿ ಕಿಟಕಿಯ ಸಂದಿಯಿಂದ ಒಂದು ಕಣ್ಣು ನಮ್ಮನ್ನು ನೋಡಿ ಸರಕ್ಕನೆ ಸರಿಯಿತು. ಮೇಡಂ ಪುಸ್ತಕ ತೆಗೆದು ಏನೋ ಬರೆದರು. ವಾಸಣ್ಣನ ಮನೆ ಇನ್ನೂ ಒಂದು ಕೈ ಮೇಲು. ಕಾಲುದಾರಿಯಲ್ಲಿ ನಮ್ಮನ್ನು ಕಂಡ ವಾಸಣ್ಣ, ಒಣಗಲು ಹಾಕಿದ್ದ ಹಪ್ಪಳದ ಚಾಪೆಯನ್ನು ಹಪ್ಪಳದ ಸಮೇತ ಸುತ್ತಿಕೊಂಡು ಒಳಗೆ ಓಡಿ ಅಗಳಿ ಹಾಕಿದ. ಮೇಡಂ ಈ ಸಲ ಬಹಳ ಬರೆದರು. ಓರೆಗಣ್ಣಿನಿಂದ ನೋಡಿದರೆ 'ಸ್ಥಳೀಯರ ತೀವ್ರ ವಿರೋಧ' ಎಂದಿತ್ತು. ಇವರು ಕರೆಯುವವರೇ ಮೇಡಂ, ನಾವೇ ಬೇಡವೆಂದದ್ದು ಎಂದು ಹೇಳಲು ಹೊರಟೆ. ಆದರೆ ಹಾಗೆ ಹೇಳಿದರೆ ಯಾಕೆ ಬೇಡವೆಂದಿರಿ ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಹೇಳಿದರೆ ವರ್ಷದ ಕಥೆಯೆಲ್ಲ ಹೊರಬರುತ್ತದೆ. ಗಂಟಲು ಸರಿಪಡಿಸಿಕೊಂಡು ಮುಂದೆ ನಡೆದೆ.

ಗೇಟಿನಲ್ಲಿ ತಿಮ್ಮಪ್ಪ ತುಟಿ ಬಿಗಿದು ನಿಂತಿದ್ದ. ಮೇಡಂ ನಮಸ್ಕಾರ ಎಂದರು. ಅವನು ಕೈ ಮುಗಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಬೀಗ ತೆಗೆದ. ವರ್ಷವಿಡೀ ತೆಗೆಯದ ಬೀಗ, ಎಣ್ಣೆ ಹಾಕಿ ಕಲ್ಲಿನಲ್ಲಿ ಕುಟ್ಟಬೇಕಾಯಿತು. "ಇಲ್ಲಿ ಎಷ್ಟು ದಿನದಿಂದ ಕೆಲಸ ಮಾಡ್ತಿದೀರಿ?" ಎಂದು ಮೇಡಂ ಕೇಳಿದ್ದಕ್ಕೆ ಒಂದು ಬೆರಳು ತೋರಿಸಿದ. ಒಂದು ದಿನವೋ ಒಂದು ವರ್ಷವೋ ಅವರಿಗೆ ತಿಳಿಯಲಿಲ್ಲ. ಅದನ್ನೂ ಬರೆದುಕೊಂಡರು.

ಗೇಟಿನಾಚೆ ದಾರಿ ಎಂಬುದು ಇರಲಿಲ್ಲ. ಗಿಡ ಎದ್ದಿತ್ತು, ಹುಲ್ಲು ಎದ್ದಿತ್ತು, ರಕ್ತ ಹೀರುವ ಇಂಬಳಗಳು ಎದ್ದು ನಿಂತು ನಮ್ಮನ್ನು ಕಾಯುತ್ತಿದ್ದವು. ಗೈಡ್ ಮುಂದೆ ಹೋಗಬೇಕು ಎನ್ನುವುದು ನಿಯಮ. ಮೊದಲ ಏರಿನಲ್ಲೇ ಮೇಡಂ ಮುಂದಾದರು, ಎರಡನೆಯ ಏರಿನಲ್ಲಿ ಪ್ರವಾಸಿಗಳು ಮುಂದಾದರು, ಮೂರನೆಯ ಏರಿನಲ್ಲಿ ಅವರೆಲ್ಲ ಒಂದು ಬಂಡೆಯ ಮೇಲೆ ಕೂತು ನನ್ನನ್ನು ಕಾದರು. ಒಬ್ಬರಂತೂ ನನ್ನ ಸೀಟಿಯನ್ನು ಇಸಿದುಕೊಂಡು ಹಿಂದೆ ಬಿದ್ದ ನನಗೇ ಊದಿದರು. ಮೇಡಂ ಒಂದು ಹಕ್ಕಿ ತೋರಿಸಿ ಅದು ಯಾವುದೆಂದು ಕೇಳಿದರು. "ಅದು ಇಲ್ಲಿಯದೇ ಮೇಡಂ" ಎಂದೆ. ಆದರೂ ಮೇಲೆ ಹೋಗುತ್ತ ಹೋಗುತ್ತ ಅವರ ಮುಖ ಅರಳತೊಡಗಿತು. "ಒಂದು ವರ್ಷದಿಂದ ಇಷ್ಟು ಜನ ಬಂದಿದ್ದಾರೆ. ಒಂದು ಬಿಸ್ಕತ್ತಿನ ಪೊಟ್ಟಣ ಇಲ್ಲ, ಒಂದು ಬಾಟಲಿ ಇಲ್ಲ, ಒಂದು ಗಿಡ ಮುರಿದಿಲ್ಲ. ಹೇಗೆ ಸಾಧ್ಯ ಆಯ್ತು ನಿಮಗೆ?" ಎಂದರು. "ಒಂಚೂರು ಹುಷಾರಾಗಿ ನಡೆಸ್ತೀವಿ ಮೇಡಂ" ಎಂದು ನೆಲ ನೋಡಿದೆ. ಗಾಳಿಗುಡ್ಡದ ನೆತ್ತಿ ಮುಟ್ಟಿದಾಗ ಎಲ್ಲರಿಗಿಂತ ಹೆಚ್ಚು ಬಾಯಿ ಬಿಟ್ಟುಕೊಂಡು ನೋಡಿದವನು ನಾನು. ಇಷ್ಟು ಚೆನ್ನಾಗಿದೆ ಎಂದು ಯಾರೂ ಹೇಳಿರಲಿಲ್ಲ.

ಇಳಿದು ಬಂದಾಗ ಮೇಡಂ ಖುಷಿಯಲ್ಲಿದ್ದರು. ಗೇಟಿನಲ್ಲಿ ಸುಮ್ಮನೆ ಪದ್ಧತಿಗೆಂದು ರಿಜಿಸ್ಟರ್ ಕೇಳಿದರು. ತಿಮ್ಮಪ್ಪ ಮಾತಾಡದೆ ತಂದುಕೊಟ್ಟ. ಅವರು ಗಟ್ಟಿಯಾಗಿ ಓದತೊಡಗಿದರು. "ದಾಟಿಲ್ಲ, ಊಟಕ್ಕೆ ಕೂತರು. ದಾಟಿಲ್ಲ, ಊಟಕ್ಕೆ ಕೂತರು. ದಾಟಿಲ್ಲ, ಕಡುಬು ಸಾಲದೆ ದೋಸೆ ಹೊಯ್ದಿದ್ದು. ದಾಟಿಲ್ಲ, ಊಟಕ್ಕೆ ಕೂತರು, ಇಬ್ಬರು ಮಲಗಿದರು." ಪುಟ ತಿರುಗಿಸಿದರು. ಆ ಪುಟವೂ ಉಂಡಿತ್ತು. "ಒಬ್ಬರಾದರೂ ಈ ಗೇಟು ದಾಟಿದಾರಾ?" ಎಂದು ಕೇಳಿದರು. ತಿಮ್ಮಪ್ಪ ಇಲ್ಲವೆಂದು ತಲೆ ಆಡಿಸಿದ.

"ಬೆಳಗಿನಿಂದ ನೋಡ್ತಿದೀನಿ, ನೀವ್ಯಾಕೆ ಮಾತಾಡಲ್ಲ?"

ತಿಮ್ಮಪ್ಪ ನನ್ನ ಮುಖ ನೋಡಿದ. ಇನ್ನು ಮುಚ್ಚಿಡಲು ಏನಿದೆ, ನಾನು ಹೂಂ ಎಂದೆ. "ಮಾತಾಡಿದ್ರೆ ಊಟಕ್ಕೆ ಕರೀಬೇಕಾಗ್ತದೆ ಮೇಡಂ. ಕರೀಬಾರ್ದು ಅಂತ ಆಗಿದೆ" ಎಂದ. ಬಾಗಿಲು ಹಾಕಿದ ಮನೆಗಳ ಕಥೆಯನ್ನೂ ಅವನೇ ಹೇಳಿದ. ಮೇಡಂ ಪುಸ್ತಕ ಮುಚ್ಚಿದರು. ನಗು ಬಂದಿತ್ತೋ ಸಿಟ್ಟು ಬಂದಿತ್ತೋ, ಮುಖ ಮಾತ್ರ ಬಿಗಿಯಾಗಿತ್ತು. "ಟ್ರೆಕ್ಕಿಂಗ್ ದಾರಿ ಅಂತ ಇದು ನಡೆಯಲ್ಲ. ನಾನು ಹಾಗೇ ಬರೀಬೇಕಾಗುತ್ತೆ" ಎಂದರು. ನನಗೆ ಅಲ್ಲೇ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ತಿಮ್ಮಪ್ಪನ ಮುಖ ನೋಡಲಾಗಲಿಲ್ಲ. ಅವನೋ, ಬೆಳಗಿನಿಂದ ಕಟ್ಟಿಕೊಂಡಿದ್ದ ಬಾಯಿ ಬಿಡುಗಡೆಯಾದ ಸಮಾಧಾನದಲ್ಲಿದ್ದ. "ಬರೀರಿ ಮೇಡಂ, ನಿಮ್ ಕೆಲ್ಸ ನೀವು ಮಾಡ್ಬೇಕು. ಆದ್ರೆ ಹಸ್ಕಂಡು ಬರೀಬೇಡಿ. ಎರಡು ಕಡುಬು ತಿಂದು ಬರೀರಿ" ಎಂದ.

ಅವರು ಬೇಡ ಎಂದರು. ಮತ್ತೆ ಬೇಡ ಎಂದರು. ಮೂರನೆಯ ಬೇಡ ಹೇಳುವಾಗ ತಟ್ಟೆ ಕೈಯಲ್ಲಿತ್ತು. ಅವರು ತಿಂದದ್ದು ಎರಡಲ್ಲ, ನಾನು ಎಣಿಸಲಿಲ್ಲ. ಕೆಳಗೆ ಇಳಿಯುವಾಗ ವಾಸಣ್ಣನ ಬಾಗಿಲು ತೆರೆದಿತ್ತು, ಸುದ್ದಿ ಅದಾಗಲೇ ಮುಟ್ಟಿತ್ತು. ಶೇಷಕ್ಕ ಅಂಗಳದ ನಡುವೆ ಲೋಟ ಹಿಡಿದು ನಿಂತಿದ್ದರು. ಮೇಡಂ ಅವರ ಕೈ ಹಿಡಿದುಕೊಂಡು, "ಬೆಳಗ್ಗೆ ಬಾಗ್ಲು ಹಾಕಿದ್ದು ತಪ್ಪಾಯ್ತಮ್ಮ, ಜೀವ ಹೋದಂಗಾಗಿತ್ತು" ಎಂದು ಕಣ್ಣು ಒರೆಸಿಕೊಂಡರು. ಜೀಪಿನ ಡ್ರೈವರ್ ಎಲ್ಲಿ ಎಂದು ನೋಡಿದರೆ ಶೇಷಕ್ಕನ ಹಿಂದಿನ ಜಗಲಿಯಲ್ಲಿ ಊಟ ಮುಗಿಸಿ ಮಲಗಿದ್ದ.

ಹದಿನೈದು ದಿನದ ಮೇಲೆ ಆದೇಶ ಬಂತು. ಗಾಳಿಗುಡ್ಡಕ್ಕೆ ಟ್ರೆಕ್ಕಿಂಗ್ ರದ್ದು. ಅದರ ಬದಲು ರಸ್ತೆಯಿಂದ ಗೇಟಿನವರೆಗೆ ಮೂರು ಮನೆಗಳ 'ಗ್ರಾಮ ನಡಿಗೆ'. ಪ್ರವಾಸಿಗಳು ಕಾಡಿಗೆ ಹೋಗದಂತೆ ನೋಡಿಕೊಳ್ಳಲು ಗೇಟು ಮುಚ್ಚಿಯೇ ಇರಬೇಕು, ಮುಚ್ಚಿದ ಗೇಟನ್ನು ಕಾಯಲು ವಾಚರ್ ಮುಂದುವರಿಯಬೇಕು. ಓದಿ ಮುಗಿಸುವ ಮೊದಲೇ ನಾನು ತಿಮ್ಮಪ್ಪನಲ್ಲಿಗೆ ಓಡಿದೆ. ಅವನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದ, ನನಗೂ ಕಣ್ಣು ತುಂಬಿತು. ಕೊನೆಯ ಸಾಲನ್ನು ಓದಿದ್ದು ಆಮೇಲೆ. ದಾರಿ ನೇರವಾಗಿರುವುದರಿಂದಲೂ ಮನೆಗಳು ಕಣ್ಣಿಗೆ ಕಾಣುವುದರಿಂದಲೂ ಗೈಡಿನ ಹುದ್ದೆ ಅನವಶ್ಯಕ ಎಂದಿತ್ತು.

ಮಾರನೆಯ ದಿನ ಮೇಡಂ ಫೋನು ಮಾಡಿದರು. ಒಳ್ಳೆಯ ಮನಸ್ಸಿನವರು. "ನಿಮಗೆ ಬೇಜಾರಾಗಿಲ್ಲ ತಾನೇ?" ಎಂದರು. "ಛೇ, ಎಂತ ಬೇಜಾರು ಮೇಡಂ, ನಾನೇ ಹೇಳ್ಬೇಕು ಅಂತಿದ್ದೆ" ಎಂದೆ. ದಾರಿಯ ಬಾಯಲ್ಲಿ ಒಂದು ಬೋರ್ಡು ಹಾಕಿಸಬೇಕು, ಶೃಂಗೇರಿಯಲ್ಲಿ ಬರೆಯುವವರು ಯಾರಾದರೂ ಗೊತ್ತೇ ಎಂದರು. ಬರೆಸಲು ನಾನಿದ್ದೇನಲ್ಲ ಎಂದೆ. ಎದುರು ಕೂತು ಕೇಳುತ್ತಿದ್ದ ಸರೋಜ ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋದಳು. ಶೃಂಗೇರಿಗೆ ಹೋಗಿ, ಬರೆಯುವವನ ಎದುರಿಗೆ ನಿಂತು, ಅಕ್ಷರ ಇನ್ನೂ ಸ್ವಲ್ಪ ದಪ್ಪವಾಗಲಿ ಎಂದು ಹೇಳಿ, 'ಮಾರ್ಗದರ್ಶಿಯ ಅಗತ್ಯವಿಲ್ಲ' ಎಂದು ಮೇಡಂ ಹೇಳಿದಂತೆಯೇ ಬರೆಸಿದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಗುಂಡಿ ತೋಡಿದ್ದೂ ನಾನೇ.

ಈಗ ಭಾನುವಾರ ಬರುವವರು ಬಸ್ಸಿಳಿದು ಬೋರ್ಡಿನ ಕೆಳಗೇ ನಿಂತು, "ಅಂಕಲ್, ಈ ದಾರಿ ಎಲ್ಲಿಗೆ ಹೋಗುತ್ತೆ, ಒಂಚೂರು ತೋರಿಸ್ತೀರಾ?" ಎಂದು ನನ್ನನ್ನೇ ಕೇಳುತ್ತಾರೆ. ತಲೆಯ ಮೇಲೆ ಅಷ್ಟು ದಪ್ಪಕ್ಷರದಲ್ಲಿ ಬರೆದಿದೆ, ಓದಿಕೊಳ್ಳಿ ಎಂದು ಹೇಳುವುದು ಹೇಗೆ? ಮುಂದೆ ಮುಂದೆ ನಡೆಯುತ್ತೇನೆ. ಶೇಷಕ್ಕನ ಅಂಗಳದಲ್ಲಿ ಅವರು ಬೇಡ ಎನ್ನುವ ಮೊದಲೇ ನಾನು ಜಗಲಿಯಲ್ಲಿ ಕೂತಿರುತ್ತೇನೆ.